ಕಾಸ್, ಅಂಬೋಲಿ, ಬಾದಾಮಿ: ಮಳೆ ಮುಗಿದ ಮೇಲೆ ಬೆಳಗಾವಿಯಿಂದ ಎಲ್ಲಿಗೆ ಹೋಗಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾದಾಮಿಗೆ. ಬೆಳಗಾವಿಯಲ್ಲಿ ಇದ್ದುಕೊಂಡು, ಪಕ್ಕದಲ್ಲೇ ಇರುವ ಘಟ್ಟ ಬಿಟ್ಟು ಪೂರ್ವದ ಬಯಲಿನ ಕಡೆ ಹೋಗಿ ಅನ್ನುವವರು ಕಡಿಮೆ. ಮಳೆ ಕಡಿಮೆಯಾಗುತ್ತಿದ್ದಂತೆ ನಮ್ಮ ಊರಿನ ಕಾರುಗಳೆಲ್ಲ ಅಂಬೋಲಿ, ಚೋರ್ಲಾ ಕಡೆ ಮುಖ ಮಾಡುತ್ತವೆ. ಇನ್ನೂ ಸ್ವಲ್ಪ ರಜೆ, ಸ್ವಲ್ಪ ದುಡ್ಡು ಇದ್ದವರು ಸಾತಾರಾ ಹತ್ತಿರದ ಹೂವಿನ ಬಯಲು, ಕಾಸ್ ಪಠಾರಕ್ಕೆ ಹೊರಡುತ್ತಾರೆ. ನಾವು ಕಾಸ್, ಅಂಬೋಲಿ, ಬಾದಾಮಿ ಮೂರೂ ಕಡೆ ಹೋಗಿ ಬಂದಿದ್ದೇವೆ. ಕಾಸ್‌ನಲ್ಲಿ ದುಡ್ಡು ಜಾಸ್ತಿ ಹೋಯಿತು, ನೋಡಲು ಸಿಕ್ಕಿದ್ದು ಕಡಿಮೆ. ಅಲ್ಲಿಂದ ಬಂದ ಮೇಲೆಯೇ ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮ ಮನೆ ಹೇಗೆ ಅಂತ ಹೇಳಿದರೆ ನನ್ನ ತೀರ್ಮಾನ ನಿಮಗೆ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ. ನಾನು, ನಮ್ಮ ಮನೆಯವರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಅತ್ತೆಯವರು. ಹಳೆಯ ಸಣ್ಣ ಕಾರು. ಇಬ್ಬರಿಗೂ ನೌಕರಿ. ದೊಡ್ಡ ರಜೆ ಸಿಗುವುದು ದಸರಾದಲ್ಲಿ, ಆಮೇಲೆ ದೀಪಾವಳಿಯಲ್ಲಿ. ಅಷ್ಟೇ.

ಇನ್ನೊಂದು ಮಾತು ಮೊದಲೇ ಆಗಲಿ. ಅಕ್ಟೋಬರ್ ಬಂತು ಅಂದರೆ ಸಾಕು, ಫೋನ್ ತುಂಬ ಕಾಶ್ಮೀರದ ಚಿನಾರ್ ಮರಗಳ ಫೋಟೋ. ಕೆಂಪು, ಕಿತ್ತಳೆ, ಬಂಗಾರದ ಬಣ್ಣ. ನಮ್ಮ ಕಡೆ ಹೀಗೆ ಎಲ್ಲಿ ಸಿಗುತ್ತದೆ ಅಂತ ಓಣಿಯವರು, ಆಫೀಸಿನವರು ಕೇಳುತ್ತಲೇ ಇರುತ್ತಾರೆ. ಈ ತಿಂಗಳಲ್ಲಿ ಎಲ್ಲೂ ಸಿಗುವುದಿಲ್ಲ. ಚಿನಾರ್ ನೋಡಬೇಕಾದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಶ್ರೀನಗರದ ನಿಶಾತ್ ಬಾಗ್, ನಸೀಮ್ ಬಾಗ್‌ಗೇ ಹೋಗಬೇಕು. ಅಲ್ಲಿ ಚಳಿ ಬರುತ್ತದೆ, ಎಲೆ ಬಣ್ಣ ತಿರುಗಿ ಉದುರುತ್ತದೆ. ನಮ್ಮಲ್ಲಿ ಎಲೆ ಉದುರುವುದು ಚಳಿಗಲ್ಲ, ನೆಲದಲ್ಲಿ ನೀರು ಕಡಿಮೆಯಾಗಿದ್ದಕ್ಕೆ. ಹಾಗಾಗಿ ಖಾನಾಪುರ, ಲೋಂಡಾ, ದಾಂಡೇಲಿ ಕಡೆಯ ತೇಗದ ಮರಗಳು ಬೋಳಾಗುವುದು ಸಂಕ್ರಾಂತಿ ಆದಮೇಲೆ. ಕೆಂಪು ಬಣ್ಣ ಬರುವುದೂ ಉದುರುವ ಎಲೆಗಲ್ಲ, ಹೊಸ ಚಿಗುರಿಗೆ. ಶಿವರಾತ್ರಿ ಆಸುಪಾಸಿನಲ್ಲಿ ಆ ರಸ್ತೆಗಳಲ್ಲಿ ಹೋಗಿ ನೋಡಿ. ಕುಸುಮದ ಮರ ಚಿಗುರೊಡೆದು ಬುಡದಿಂದ ತುದಿವರೆಗೆ ಕೆಂಪಾಗಿರುತ್ತದೆ. ಅರಳಿ ಮರ ತಾಮ್ರದ ಬಣ್ಣ ತಾಳಿರುತ್ತದೆ. ಬೋಳು ಕೊಂಬೆಯ ಮೇಲೆ ಮುತ್ತಲ ಹೂ ಬಿಟ್ಟಿರುತ್ತದೆ. ಅದನ್ನು ನೋಡಲು ಕಾಶ್ಮೀರದ ವಿಮಾನ ಬೇಡ, ಖಾನಾಪುರದ ಬಸ್ಸು ಸಾಕು.

ಅಕ್ಟೋಬರ್‌ನಲ್ಲಿ ನಮಗೆ ಸಿಗುವ ಬಣ್ಣ ಮರದ್ದಲ್ಲ, ನೆಲದ್ದು. ಹುಲ್ಲು, ಸಣ್ಣ ಹೂ, ಬೆಳೆ, ಕಲ್ಲು. ಅದನ್ನು ಎಲ್ಲಿ ನೋಡಬೇಕು ಅನ್ನುವುದೇ ಈ ಹೋಲಿಕೆ.

ಕಾಸ್ ಬಗ್ಗೆ ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಯಾಕೆಂದರೆ ಜಾಗ ನಿಜಕ್ಕೂ ದೊಡ್ಡದು. ಸಾತಾರಾ ಊರಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ ಗುಡ್ಡದ ತಲೆ ಕೊಯ್ದು ಹಾಸಿದಂತೆ ಚಪ್ಪಟೆ ಬಯಲು. ಅಲ್ಲಿ 850ಕ್ಕೂ ಹೆಚ್ಚು ಜಾತಿಯ ಹೂಬಿಡುವ ಗಿಡಗಳಿವೆ. 2012ರಲ್ಲಿ ಪಶ್ಚಿಮ ಘಟ್ಟದ 39 ಜಾಗಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ಕಾಸ್ ಕೂಡ ಸೇರಿತು. ನಮ್ಮ ಆಫೀಸಿನ ಒಬ್ಬರು ಸೆಪ್ಟೆಂಬರ್‌ನಲ್ಲಿ, ವಾರದ ನಡುವೆ ಹೋಗಿ ಬಂದಿದ್ದರು. ಅವರು ತೋರಿಸಿದ ಫೋಟೋಗಳಲ್ಲಿ ಒಂದು ಕಡೆ ಗುಲಾಬಿ, ಒಂದು ಕಡೆ ನೀಲಿ, ಒಂದು ಕಡೆ ಹಳದಿ, ಕಣ್ಣು ಹೋಗುವಷ್ಟು ದೂರ. ಅದನ್ನು ನೋಡಿಯೇ ನಮಗೆ ಆಸೆ ಹುಟ್ಟಿದ್ದು.

ತೊಂದರೆ ಒಂದೇ, ತಾರೀಖು. ಆ ಒಂದೇ ತೊಂದರೆ ಇಡೀ ಪ್ರವಾಸವನ್ನು ತಿಂದು ಹಾಕುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಾಸ್‌ನ ಬಯಲು ಅಂದರೆ ಕೆಂಪು ಜಂಬಿಟ್ಟಿಗೆಯ ಹಾಸು. ಅದರ ಮೇಲೆ ಮಣ್ಣು ಇರುವುದು ತೆಳುವಾಗಿ, ಕೆಲವು ಕಡೆ ಇಲ್ಲವೇ ಇಲ್ಲ. ಮಳೆ ಬೀಳುತ್ತಿರುವಷ್ಟು ದಿನ ಆ ತೆಳು ಮಣ್ಣು ತೇವ ಹಿಡಿದಿರುತ್ತದೆ. ಆ ತೇವ ಆರುವುದರೊಳಗೆ ಗಿಡ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಮುಗಿಸಬೇಕು. ಮಣ್ಣಿನಲ್ಲಿ ಸತ್ವ ಎಷ್ಟು ಕಡಿಮೆ ಅಂದರೆ, ಮರಾಠಿಯವರು ಸೀತೆಚಿ ಆಸವೆ ಅಂತ ಕರೆಯುವ ಆ ಪುಟ್ಟ ನೀಲಿ ಹೂವಿನ ಗಿಡ ನೀರಲ್ಲಿರುವ ಸಣ್ಣ ಸಣ್ಣ ಹುಳುಗಳನ್ನು ಹಿಡಿದು ತಿಂದು ಬದುಕುತ್ತದೆ. ಇಂಥ ನೆಲದಲ್ಲಿ ಹೂವಿನ ಕಾಲ ಉದ್ದ ಇರಲು ಸಾಧ್ಯವೇ ಇಲ್ಲ. ಆಗಸ್ಟ್ ಕೊನೆಗೆ ಶುರುವಾಗಿ ಅಕ್ಟೋಬರ್ ಆರಂಭಕ್ಕೆ ಮುಗಿಯುತ್ತದೆ. ಅದರೊಳಗೂ ಎಲ್ಲ ಹೂ ಒಟ್ಟಿಗೆ ಬರುವುದಿಲ್ಲ. ಅಂಗಿಯ ಗುಂಡಿಯಂಥ ಬಿಳಿ ಹೂ, ಗುಲಾಬಿ ಬಣ್ಣದ ಕರ್ಣಕುಂಡಲ, ನೀಲಿ, ಹಳದಿ, ಒಂದೊಂದೂ ತನ್ನ ಸರದಿ ಬಂದಾಗಲೇ ಬಿಡುತ್ತದೆ. ಮಳೆ ಬೇಗ ನಿಂತರೆ ಹೂ ಬೇಗ ಮುಗಿಯುತ್ತದೆ. ಮಳೆ ನಿಲ್ಲದೇ ಹೋದರೆ ಮಂಜು ಮುಚ್ಚಿಕೊಂಡು ಕಾಲ ಕೆಳಗಿನ ಹೂ ಬಿಟ್ಟು ಬೇರೇನೂ ಕಾಣುವುದಿಲ್ಲ.

ಇದು ಹೂವಿನ ಲೆಕ್ಕ. ಈಗ ನಮ್ಮ ಲೆಕ್ಕ ನೋಡಿ. ಮಕ್ಕಳ ರಜೆ ದಸರಾಕ್ಕೆ. ದಸರಾ ಒಂದು ವರ್ಷ ಸೆಪ್ಟೆಂಬರ್ ಕೊನೆಗೆ ಬಂದರೆ ಇನ್ನೊಂದು ವರ್ಷ ಅಕ್ಟೋಬರ್ ಮಧ್ಯ ದಾಟುತ್ತದೆ. ಕಾಸ್‌ಗೆ ಸುಮ್ನೆ ಎದ್ದು ಹೋಗಲು ಬರುವುದಿಲ್ಲ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಆನ್‌ಲೈನ್‌ನಲ್ಲಿ ಮೊದಲೇ ಬುಕಿಂಗ್ ಮಾಡಬೇಕು. ಶನಿವಾರ, ಭಾನುವಾರದ ಜಾಗ ಬೇಗ ತುಂಬಿಬಿಡುತ್ತದೆ. ಬೆಳಗಾವಿಯಿಂದ ಸಾತಾರಾಕ್ಕೆ ಹೆದ್ದಾರಿಯಲ್ಲಿ 200 ಕಿಲೋಮೀಟರ್‌ಗಿಂತ ಜಾಸ್ತಿ, ಹಾಗಾಗಿ ರಾತ್ರಿ ಉಳಿಯಬೇಕು. ಅಂದರೆ ಲಾಡ್ಜ್ ಕೂಡ ಮೊದಲೇ ಹೇಳಿಡಬೇಕು. ನಾವು ನಮ್ಮ ಭಾವನವರ ಮನೆಯವರ ಜೊತೆ ಹೋದದ್ದರಿಂದ ಟೆಂಪೋ ಟ್ರಾವೆಲರ್ ಗೊತ್ತು ಮಾಡಿದ್ದೆವು, ಅದಕ್ಕೂ ಅಡ್ವಾನ್ಸ್. ಮೂರೂ ಕಡೆ ದುಡ್ಡು ಕಟ್ಟಿಯಾದ ಮೇಲೆ ತಾರೀಖು ಗೂಟ ಹೊಡೆದಂತೆ ನಿಂತುಬಿಟ್ಟಿತು.

ಆ ವರ್ಷ ಮಳೆ ಹಿಂದೆ ಸರಿದದ್ದು ಬೇಗ. ಹೊರಡುವ ನಾಲ್ಕು ದಿನ ಮೊದಲು ಸಾತಾರಾದ ಪರಿಚಯದವರು ಫೋನ್ ಮಾಡಿ, ಹೂ ಮುಗಿಯುತ್ತ ಬಂದಿದೆ ಅಂದರು. ಲಾಡ್ಜ್‌ನವರನ್ನು ಕೇಳಿದೆವು, ದುಡ್ಡು ವಾಪಸ್ ಇಲ್ಲ ಅಂದರು. ಬೇರೆ ತಾರೀಖಿಗೆ ಹಾಕಿಕೊಡಿ ಅಂದರೆ ಅದಕ್ಕೂ ಆಗಲಿಲ್ಲ. ಗಾಡಿಯವರೂ ಅದನ್ನೇ ಹೇಳಿದರು. ಹಬ್ಬದ ಕಾಲದಲ್ಲಿ ಅವರ ಕಷ್ಟ ಅವರಿಗೆ ಇರಬಹುದು. ಆದರೆ ಹೂವಿಗೆ ಅಂತ ಬರುವ ಗಿರಾಕಿಗೆ ಒಂದು ವಾರ ಆಚೀಚೆ ಮಾಡಿಕೊಡುವ ದಾರಿ ಇರಲೇಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ. ಹೂ ನೋಡಲು ಬರುವವರಿಂದಲೇ ಆ ತಿಂಗಳ ವ್ಯಾಪಾರ ನಡೆಯುವುದು, ಅಲ್ವಾ?

ಹೋದೆವು. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಮೇಲೆ ಕರೆದೊಯ್ದರು. ಅದು ಒಳ್ಳೆಯ ವ್ಯವಸ್ಥೆ, ಅದರ ಬಗ್ಗೆ ನನಗೆ ದೂರಿಲ್ಲ. ಗೆರೆ ದಾಟಿ ಹೂವಿನ ನಡುವೆ ಹೋಗಬೇಡಿ ಅಂತ ಕಾವಲಿನವರು ಹೇಳುತ್ತಿದ್ದರು, ಅದೂ ಬೇಕೇ ಬೇಕು. ಆ ತೆಳು ಮಣ್ಣಿನ ಮೇಲೆ ಒಂದು ಚಪ್ಪಲಿ ಬಿದ್ದರೂ ಮುಂದಿನ ವರ್ಷದ ಬೀಜ ಹಾಳು. ಆದರೆ ನೋಡಲು ಇದ್ದದ್ದು ಒಣಗುತ್ತಿರುವ ಹುಲ್ಲು, ಅಲ್ಲಲ್ಲಿ ಹಳದಿಯ ಚುಕ್ಕೆ. ಅತ್ತೆಯವರು ಕೆಳಗೆ ಕುಳಿತು ಏಳಲಾರರು. ಈ ಹೂಗಳು ಬೆರಳ ಉಗುರಿನಷ್ಟು ಸಣ್ಣವು, ಕುಕ್ಕರಗಾಲಲ್ಲಿ ಕೂತು ನೋಡಬೇಕು. ಅವರು ಹೋಗಿ ಬಸ್ಸಿನ ಹತ್ತಿರ ಕೂತರು. ಮಕ್ಕಳು ಅರ್ಧ ಗಂಟೆಯಲ್ಲಿ ಹೋಗೋಣ ಅನ್ನಲು ಶುರು ಮಾಡಿದರು. ಬರುವಾಗ ಸಾತಾರಾದ ಕಂದಿ ಪೇಡೆ ತಂದೆವು, ಅದು ಮಾತ್ರ ಎಲ್ಲರಿಗೂ ಇಷ್ಟವಾಯಿತು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿದ್ದರಿಂದ ವಾಪಸ್ ಬರುವಾಗ ಕೊಲ್ಹಾಪುರದ ಹತ್ತಿರ ಬಹಳ ಹೊತ್ತು ನಿಂತೆವು. ನಮ್ಮ ಪಾಲಿಗೆ ಬಂದ ಖರ್ಚು 9,000 ರೂಪಾಯಿ ದಾಟಿತ್ತು.

ಇಷ್ಟಾದ ಮೇಲೂ ಕಾಸ್‌ಗೆ ಹೋಗಬೇಡಿ ಅಂತ ಹೇಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಮಂಗಳವಾರವೋ ಬುಧವಾರವೋ ರಜೆ ಹಾಕಬಲ್ಲವರು, ಮಳೆಯ ಸುದ್ದಿ ನೋಡಿಕೊಂಡು ಒಂದು ವಾರ ಮೊದಲು ಮಾತ್ರ ಬುಕ್ ಮಾಡುವವರು ಖಂಡಿತ ಹೋಗಿ. ಶಾಲೆಯ ರಜೆಗೆ ಕಟ್ಟುಬಿದ್ದವರಿಗೆ ಅದು ಜೂಜು.

ಅಂಬೋಲಿಗೆ ಬರೋಣ. ಹಿಂಡಲಗಾ, ಬಾಚಿ, ಶಿನೋಳಿ ದಾಟಿ ವೆಂಗುರ್ಲಾ ರಸ್ತೆ ಹಿಡಿದರೆ ಸುಮಾರು 70 ಕಿಲೋಮೀಟರ್. ಬೆಳಗ್ಗೆ ಎದ್ದು, ಚಹಾ ಕುಡಿದು, ಆಕಾಶ ನೋಡಿ ಹೊರಡಬಹುದು. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಅದೇ. ಮಳೆ ಜೋರಾಗಿದ್ದರೆ ಮುಂದಿನ ಭಾನುವಾರ. ಯಾರಿಗೂ ಅಡ್ವಾನ್ಸ್ ಇಲ್ಲ, ಯಾರ ಹತ್ತಿರವೂ ವಾಪಸ್ ಕೇಳುವ ಗೋಜಿಲ್ಲ. ಪೆಟ್ರೋಲ್, ದಾರಿಯ ವಡಾಪಾವ್, ಸುಟ್ಟ ಗೋವಿನಜೋಳದ ತೆನೆ ಎಲ್ಲ ಸೇರಿ 1,500 ರೂಪಾಯಿಯೊಳಗೆ ದಿನ ಮುಗಿಯುತ್ತದೆ.

ಕಾಸ್‌ನಲ್ಲಿ ನಾವು ಹುಡುಕಿಕೊಂಡು ಹೋದ ಆ ನೀಲಿ ಹೂ, ಬಿಳಿ ಗುಂಡಿ ಹೂ, ಹಳದಿ ಹೂ, ಇವೆಲ್ಲ ಅಂಬೋಲಿ ಸುತ್ತಲಿನ ಜಂಬಿಟ್ಟಿಗೆ ಬಯಲುಗಳಲ್ಲೂ ಇವೆ. ಅಲ್ಲಿನವರು ಅದನ್ನು ಸಡಾ ಅನ್ನುತ್ತಾರೆ. ಕಾಸ್‌ನಷ್ಟು ದೊಡ್ಡ ಹಾಸು ಅಲ್ಲ, ತುಣುಕು ತುಣುಕು. ಆದರೆ ನೆಲ ಅದೇ ಜಾತಿಯದ್ದು, ಹಾಗಾಗಿ ಗಿಡಗಳೂ ಅವೇ. ಬೆಳಗಾವಿಯವರು ಸೆಪ್ಟೆಂಬರ್‌ನಲ್ಲಿ ಬರೀ ಜಲಪಾತದ ಕೆಳಗೆ ಫೋಟೋ ಹೊಡೆಸಿಕೊಂಡು ವಾಪಸ್ ಬರುತ್ತಾರೆ. ಹತ್ತು ನಿಮಿಷ ನಡೆದು ಆ ಬಯಲಿಗೆ ಹೋಗಿ ಬಗ್ಗಿ ನೋಡಿದವರು ಕಡಿಮೆ. ಹೋಗುವುದಾದರೆ ಕಲ್ಲಿನ ಮೇಲೆ ಮಾತ್ರ ಕಾಲಿಡಿ, ಹಸಿರಿನ ಮೇಲೆ ಬೇಡ. ಅಂಬೋಲಿಯ ಹೆಸರನ್ನೇ ಹೊತ್ತ ಒಂದು ಸಣ್ಣ ಕಪ್ಪೆ ಇದೆ, ಅಳಿವಿನಂಚಿನಲ್ಲಿದೆ. ಅದು ಇರುವುದೂ ಇದೇ ಕಲ್ಲುಹಾಸುಗಳ ಸುತ್ತಮುತ್ತ.

ಹಿರಣ್ಯಕೇಶಿ ಗುಡಿ ನಮ್ಮ ಅತ್ತೆಯವರಿಗೆ ಬಹಳ ಇಷ್ಟ. ಗುಹೆಯೊಳಗಿಂದ ತಣ್ಣಗೆ ನೀರು ಬರುತ್ತದೆ. ಅಲ್ಲಿ ಹುಟ್ಟಿದ ಹೊಳೆ ಸಂಕೇಶ್ವರದ ಮುಂದೆ ಬಂದು ಘಟಪ್ರಭೆ ಸೇರುತ್ತದೆ. ಆ ಘಟಪ್ರಭೆಯೇ ಗೋಕಾಕದಲ್ಲಿ 52 ಮೀಟರ್ ಕೆಳಗೆ ಧುಮುಕುವುದು. ಗೋಕಾಕ ಜಲಪಾತವನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಅದು ಜುಲೈ, ಆಗಸ್ಟ್‌ನದು. ದಸರಾ ಹೊತ್ತಿಗೆ ನೀರು ಇಳಿದಿರುತ್ತದೆ.

ಅಂಬೋಲಿಯ ಕೊರತೆ ಎರಡು. ಭಾನುವಾರದ ಗದ್ದಲ, ಒಂದು. ಜಲಪಾತ ರಸ್ತೆಯ ಪಕ್ಕದಲ್ಲೇ ಇದೆ, ಹಾಗಾಗಿ ಗಾಡಿಗಳ ಸಾಲು, ಹಾಡು, ಕುಡಿದು ಕೂಗುವ ಹುಡುಗರು. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅಲ್ಲಿ ನಿಲ್ಲಲು ಮನಸ್ಸಾಗುವುದಿಲ್ಲ. ನಾವು ಈಗ ಬೆಳಗ್ಗೆ ಎಂಟರೊಳಗೆ ಅದನ್ನು ಮುಗಿಸಿ, ಕಣಿವೆ ಕಾಣುವ ಕಾವಳೇಸಾದ್ ಕಡೆ ಹೋಗಿಬಿಡುತ್ತೇವೆ. ಎರಡನೆಯದು ಥಂಡಿ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಅದು. ಮಳೆ ನಿಂತ ಮೇಲೂ ಗೋಡೆ, ಹಾಸಿಗೆ ಎಲ್ಲ ಹಸಿಹಸಿ. ರಾತ್ರಿ ಉಳಿದರೆ ಅತ್ತೆಯವರ ಮೊಣಕಾಲು, ಸಣ್ಣವನ ಕೆಮ್ಮು ಎರಡೂ ಶುರು. ಹಾಗಾಗಿ ನಮಗೆ ಅದು ಒಂದು ದಿನದ ಜಾಗ.

ಚೋರ್ಲಾ ಕಡೆಯದು ಒಂದೇ ಮಾತು. ಜಾಂಬೋಟಿ, ಕಣಕುಂಬಿ ಕಾಡು ಅಂಬೋಲಿಗಿಂತ ಚಂದ, ಗದ್ದಲ ಕಡಿಮೆ. ಆದರೆ ಮಳೆಗಾಲ ಮುಗಿದ ಕೂಡಲೇ ಆ ರಸ್ತೆಯಲ್ಲಿ ಗುಂಡಿ ಯಾವುದು, ರಸ್ತೆ ಯಾವುದು ತಿಳಿಯುವುದಿಲ್ಲ. ನಮ್ಮ ಸಣ್ಣ ಕಾರಿಗೆ, ಅತ್ತೆಯವರ ಸೊಂಟಕ್ಕೆ ಆಗುವುದಿಲ್ಲ. ರಸ್ತೆ ಒಳ್ಳೆಯದಾದ ವರ್ಷ ನಾನು ಅಂಬೋಲಿಗಿಂತ ಮೊದಲು ಅಲ್ಲಿಗೇ ಹೋಗುತ್ತೇನೆ.

ಈಗ ಬಾದಾಮಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮ ಜಿಲ್ಲೆಯನ್ನು ದಾಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗ ಹಾದು ಪಟ್ಟದಕಲ್ಲಿಗೆ ಹೋಗುತ್ತದೆ. ನಾವೂ ಹೆಚ್ಚು ಕಡಿಮೆ ಅದರ ಹಿಂದೆಯೇ ಹೋಗುತ್ತೇವೆ. ಯರಗಟ್ಟಿ, ರಾಮದುರ್ಗ ದಾರಿಯಲ್ಲಿ ಸುಮಾರು 150 ಕಿಲೋಮೀಟರ್. ಯರಗಟ್ಟಿ ದಾಟುತ್ತಿದ್ದಂತೆ ಕಬ್ಬು ಕಡಿಮೆಯಾಗುತ್ತ, ಎರೆ ಹೊಲ ತೆರೆದುಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಆ ದಾರಿಯೇ ಒಂದು ಪ್ರವಾಸ. ಸೂರ್ಯಕಾಂತಿ, ಹೂ ಬಿಡುತ್ತಿರುವ ತೊಗರಿ, ಬದುವಿನಲ್ಲಿ ಗುರೆಳ್ಳಿನ ಹಳದಿ. ಒಂದು ಹೊಲದಲ್ಲಿ ಸಜ್ಜೆ ಕೊಯ್ದಿರುತ್ತಾರೆ, ಪಕ್ಕದ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುತ್ತಿರುತ್ತಾರೆ. ಕಾಸ್‌ನ ಹಳದಿ ಹೂ ನೋಡಲು ಬುಕಿಂಗ್ ಮಾಡಿದ ನನಗೆ ಇಲ್ಲಿ ಕಾರಿನ ಕಿಟಕಿಯಲ್ಲೇ ಹಳದಿ ಸಿಕ್ಕಿತು.

ಒಂದು ವರ್ಷ ನಾವು ಹೋದ ದಿನ ಶೀಗಿ ಹುಣ್ಣಿಮೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಜನ. ಹೆಂಗಸರು ಹೊಸ ಸೀರೆ ಉಟ್ಟು ಬುತ್ತಿ ಹೊತ್ತು ನಡೆದಿದ್ದರು, ಗಂಡಸರು ಬೆಳೆಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಿದ್ದರು. ಫೋಟೋ ತೆಗೆಯಲು ಅಂತ ಗಾಡಿ ನಿಲ್ಲಿಸಿದ್ದಕ್ಕೆ ಒಬ್ಬ ಅಜ್ಜಿ, "ಬರ್ರಿ ತಂಗಿ, ಉಣ್ಣಾಕ ಕುಂದರ್ರಿ" ಅಂತ ಕರೆದೇಬಿಟ್ಟರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ. ಅತ್ತೆಯವರು ತಮ್ಮ ತವರಿನ ಹೊಲ ನೆನೆದು ಆ ಅಜ್ಜಿಯ ಜೊತೆ ಒಂದು ತಾಸು ಮಾತಾಡುತ್ತ ಕೂತರು. ಬಾದಾಮಿ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಯಾರಿಗೂ ಬೇಜಾರಾಗಲಿಲ್ಲ.

ಬಾದಾಮಿಯನ್ನು ಬೇಸಿಗೆಯಲ್ಲಿ ಮಾತ್ರ ನೋಡಿದವರು ಅದನ್ನು ಪೂರ್ತಿ ನೋಡಿಲ್ಲ ಅಂತಲೇ ನನ್ನ ಮಾತು. ಏಪ್ರಿಲ್‌ನ ಬಾದಾಮಿ ಬರೀ ಕಲ್ಲು. ಅಕ್ಟೋಬರ್‌ನಲ್ಲಿ ಅಗಸ್ತ್ಯತೀರ್ಥದ ಕೆರೆಯಲ್ಲಿ ನೀರು ನಿಂತಿರುತ್ತದೆ. ಬಂಡೆಯ ಬಿರುಕು ಬಿರುಕಿನಲ್ಲೂ ಹುಲ್ಲು, ಪೊದೆ. ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಬರುವ ಆ ಕೆಂಪು ಬಣ್ಣ ಹಸಿರಿನ ನಡುವೆ ಎದ್ದು ಕಾಣುತ್ತದೆ. ಹಿಂದಿನ ದಿನ ಒಳ್ಳೆಯ ಮಳೆ ಬಿದ್ದಿದ್ದರೆ ಭೂತನಾಥ ಗುಡಿಯ ಹತ್ತಿರ ಅಕ್ಕ ತಂಗಿ ಜಲಪಾತ ಬಂಡೆಯ ಮೇಲಿಂದ ಇಳಿಯುತ್ತಿರುತ್ತದೆ. ಈ ಭಾಗದಲ್ಲಿ ಸೆಪ್ಟೆಂಬರ್‌ನಲ್ಲೇ ಮಳೆ ಜಾಸ್ತಿ, ಹಾಗಾಗಿ ದಸರಾ ಹೊತ್ತಿಗೆ ಅದು ಸಿಗುವ ಸಾಧ್ಯತೆ ಇದ್ದೇ ಇದೆ. ಸಿಗದಿದ್ದರೂ ಕೆರೆ ಇದೆ, ಗುಹೆ ಇದೆ.

ಕಾಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಬಾದಾಮಿ ತಾರೀಖು ಕೇಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹಸಿರು ಮತ್ತು ಜಲಪಾತ. ಅಕ್ಟೋಬರ್‌ನಲ್ಲಿ ನೀರು ತುಂಬಿದ ಕೆರೆ ಮತ್ತು ಹೊಲದ ಹೂ. ದೀಪಾವಳಿ ಆದಮೇಲೆ ಗುಡ್ಡದ ಮೇಲಿನ ಹುಲ್ಲು ಹಣ್ಣಾಗಿ ಬಂಗಾರದ ಬಣ್ಣಕ್ಕೆ ಬರುತ್ತದೆ, ಸಂಜೆಯ ಬಿಸಿಲಿಗೆ ಕೆಂಪು ಬಂಡೆಯೂ ಆ ಹುಲ್ಲೂ ಒಂದೇ ಬಣ್ಣ ಆಗಿಬಿಡುತ್ತವೆ. ನನಗೆ ಬಹಳ ಇಷ್ಟ ಅದೇ ಹೊತ್ತು. ಡಿಸೆಂಬರ್‌ನಲ್ಲಿ ಚಳಿ, ಎದೆಮಟ್ಟ ನಿಂತ ಬಿಳಿಜೋಳ. ಜನವರಿಯಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ರಜೆ ಯಾವಾಗ ಸಿಕ್ಕರೂ ಬಾದಾಮಿಯಲ್ಲಿ ನೋಡಲು ಏನಾದರೂ ಇರುತ್ತದೆ.

ಮಕ್ಕಳಿಗೂ ಬೇಸರ ಬರಲಿಲ್ಲ. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಲೇಶ ಹಾಕಿಸಿದ್ದು. ದೊಡ್ಡವಳು ತನ್ನ ಪಾಠದಲ್ಲಿ ಓದಿದ್ದನ್ನು ಅಲ್ಲಿ ನಿಂತು ತಮ್ಮನಿಗೆ ಹೇಳಿದಳು. ಕೆರೆಯ ಆಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರ ಕಾಲದ್ದು. ಕನ್ನಡದ ತ್ರಿಪದಿ ಕಲ್ಲಿನಲ್ಲಿ ಅಷ್ಟು ಹಳೆಯದಾಗಿ ನಿಂತಿದೆ ಅಂತ ಗೊತ್ತಿದ್ದು ನೋಡಿದರೆ ಮೈ ಜುಮ್ ಅನ್ನುತ್ತದೆ. ಅತ್ತೆಯವರು ಗುಹೆಯ ಮೆಟ್ಟಿಲು ಹತ್ತಲಿಲ್ಲ. ಭೂತನಾಥ ಗುಡಿಯವರೆಗೆ ಕೆರೆಯ ದಂಡೆಯಲ್ಲಿ ನಿಧಾನ ನಡೆದು, ಅಲ್ಲೇ ಕಟ್ಟೆಯ ಮೇಲೆ ಕೂತು ನೀರು ನೋಡಿದರು. ಕಾಸ್‌ನಲ್ಲಿ ಬಸ್ಸಿನ ಹತ್ತಿರ ಕೂತವರು ಇಲ್ಲಿ ಪ್ರವಾಸದ ನಡುವೆಯೇ ಕೂತರು. ಮನೆಯಲ್ಲಿ ವಯಸ್ಸಾದವರು ಇದ್ದವರಿಗೆ ಇದರ ಬೆಲೆ ಗೊತ್ತು.

ಊಟದ ವಿಷಯದಲ್ಲಿ ಹೋಲಿಕೆಯೇ ಬೇಡ. ಬನಶಂಕರಿ ಗುಡಿಯ ಮುಂದೆ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಡಿಗೆಯಲ್ಲಿ ಗಟ್ಟಿ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಮರದ ನೆರಳಲ್ಲಿ ಕೂತು ಉಂಡರೆ ಸಂಜೆವರೆಗೆ ಹಸಿವಿಲ್ಲ.

ಬಾದಾಮಿಯ ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಮಂಗಗಳದ್ದು ದೊಡ್ಡ ಕಾಟ. ಗುಹೆಯ ಮೆಟ್ಟಿಲ ಹತ್ತಿರ ಕೈಯಲ್ಲಿ ಏನೇ ಕಂಡರೂ ಕಿತ್ತುಕೊಳ್ಳುತ್ತವೆ. ಬಿಸ್ಕಿಟ್, ನೀರಿನ ಬಾಟಲಿ, ಪ್ಲಾಸ್ಟಿಕ್ ಚೀಲ. ನಮ್ಮ ಸಣ್ಣವನ ಕೈಯಿಂದ ಕುರ್‌ಕುರೆ ಕಿತ್ತುಕೊಂಡು ಹೋದದ್ದಕ್ಕೆ ಅವನು ಹೆದರಿ ಅತ್ತುಬಿಟ್ಟ. ತಿನ್ನುವುದನ್ನೆಲ್ಲ ಕಾರಿನಲ್ಲೇ ಬಿಟ್ಟು, ಬೆನ್ನಿಗೆ ಮುಚ್ಚಿದ ಬ್ಯಾಗು ಹಾಕಿಕೊಂಡು ಹೋಗಿ. ಬಿಸಿಲು ಇನ್ನೊಂದು. ಅಕ್ಟೋಬರ್‌ನಲ್ಲೂ ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ. ನಾವು ಬೆಳಗ್ಗೆ ಬೇಗ ಗುಹೆ ನೋಡಿ, ಮಧ್ಯಾಹ್ನ ಮಹಾಕೂಟದ ಹೊಂಡದ ತಣ್ಣೀರಿನಲ್ಲಿ ಮಕ್ಕಳನ್ನು ಬಿಟ್ಟು, ಬಿಸಿಲಿಳಿದ ಮೇಲೆ ಕೆರೆಯ ದಂಡೆಗೆ ವಾಪಸ್ ಬರುತ್ತೇವೆ. ಕೆರೆಗೆ ಹೋಗುವ ಓಣಿಗಳು ಇಕ್ಕಟ್ಟು, ಗಟಾರದ ವಾಸನೆಯೂ ಇರುತ್ತದೆ. ಇಷ್ಟು ದೊಡ್ಡ ಜಾಗಕ್ಕೆ ಇನ್ನಷ್ಟು ಸ್ವಚ್ಛತೆ ಸಲ್ಲಬೇಕು.

ಖರ್ಚು ಅಂದರೆ ಪೆಟ್ರೋಲ್, ಒಂದು ರಾತ್ರಿಯ ಸಾಧಾರಣ ರೂಮು, ಊಟ, ಟಿಕೆಟ್ ಎಲ್ಲ ಸೇರಿ ನಮಗೆ 5,000 ರೂಪಾಯಿಯೊಳಗೆ ಆಗುತ್ತದೆ. ಅಂಬೋಲಿಗಿಂತ ಜಾಸ್ತಿ ನಿಜ. ಆದರೆ ಅಂಬೋಲಿಯಲ್ಲಿ ಒಂದು ದಿನ ಕಳೆಯುತ್ತದೆ, ಇಲ್ಲಿ ರಜೆ ಅನ್ನಿಸುವಷ್ಟು ಹೊತ್ತು ಸಿಗುತ್ತದೆ. ಎರಡನೇ ದಿನ ಬೆಳಗ್ಗೆ ಪಟ್ಟದಕಲ್ಲಿಗೆ ಹೋಗಿ ಮಲಪ್ರಭೆಯನ್ನು ನೋಡಿ. ಅಲ್ಲಿ ಹೊಳೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಮಳೆಗಾಲದ ನೀರು ಇನ್ನೂ ಇರುವ ಈ ದಿನಗಳಲ್ಲಿ ಗುಡಿಗಳ ಹಿಂದೆ ದಂಡೆಗೆ ನಡೆದು ಹೋದರೆ ಜನರೇ ಇರುವುದಿಲ್ಲ.

ಹಾಗಾದರೆ ಯಾರು ಎಲ್ಲಿಗೆ ಹೋಗಬೇಕು? ಒಂದೇ ದಿನ ಬಿಡುವಿದ್ದು, ಹಸಿರು, ಮಂಜು ಬೇಕಾದವರಿಗೆ ಅಂಬೋಲಿ, ಆದಷ್ಟು ಭಾನುವಾರ ಬಿಟ್ಟು. ಹೂವಿನ ಹುಚ್ಚಿದ್ದು ಸೆಪ್ಟೆಂಬರ್‌ನ ವಾರದ ದಿನ ಕೈಯಲ್ಲಿದ್ದವರಿಗೆ ಕಾಸ್. ಮಕ್ಕಳ ರಜೆ, ಹಿರಿಯರ ಮೊಣಕಾಲು, ತಿಂಗಳ ಕೊನೆಯ ಲೆಕ್ಕ ಮೂರನ್ನೂ ಹೊಂದಿಸಬೇಕಾದವರಿಗೆ ಬಾದಾಮಿ. ನಾವು ಈ ವರ್ಷವೂ ಅಲ್ಲಿಗೇ, ದೀಪಾವಳಿ ಆದ ಮೇಲಿನ ಶನಿವಾರ. ಶುಕ್ರವಾರ ಹೋಗಬೇಡಿ, ಮ್ಯೂಸಿಯಂ ಮುಚ್ಚಿರುತ್ತದೆ. ರೂಮಿಗೆ ಎರಡು ದಿನ ಮೊದಲು ಫೋನ್ ಮಾಡಿದರೆ ನಮಗೆ ಇದುವರೆಗೆ ಸಿಕ್ಕಿದೆ, ಜಾತ್ರೆಯ ದಿನಗಳಲ್ಲಿ ಮಾತ್ರ ಆ ಆಸೆ ಇಟ್ಟುಕೊಳ್ಳಬೇಡಿ.